ಬೇಡಿ ತಂದ ಅರಿವಿ

ಹೊಸಪೇಟೆ ಕಡೆಯ ಕುರೆಕುಪ್ಪಕ್ಕೆ ಬಂದ ಮೂರನೆಯ ದಿನ, ಬೆಳಿಗ್ಗೆ ಒಗೆದು ಹಾಕಿದ್ದ ನನ್ನ ಬಿಳಿ ಚೂಡಿದಾರ ಸಂಜೆಗೆ ಕಾವಿಯಾಗಿತ್ತು. ಯಾರೋ ಸನ್ಯಾಸಿ ಬಟ್ಟೆ ಒಣಗಿಸಿದ್ದಾರೆ ಅಂದುಕೊಂಡು ನನ್ನದನ್ನು ಹುಡುಕುತ್ತಿದ್ದೆ. ಪಕ್ಕದ ಮನೆಯ ರುದ್ರಮ್ಮ ಕಾಂಪೌಂಡಿನಾಚೆಯಿಂದ ಕೂಗಿದರು: “ಧೂಳ ಭಾಳ ಐತ್ರಿ, ಅರಿವಿ ಜಲ್ದಿ ಒಳಗ ತಗೋರಿ!” ನಂಜನಗೂಡಿನವಳಾದ ನನಗೆ ಅರಿವು ಗೊತ್ತು, ಅರಿವಿ ಗೊತ್ತಿಲ್ಲ. ಇಲ್ಲಿ ಅರಿವಿ ಎಂದರೆ ಬಟ್ಟೆ. ಆಗ ನನ್ನ ಹತ್ತಿರ ಎರಡೂ ಕಮ್ಮಿಯೇ ಇದ್ದವು.

ಗಂಡನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಅದಿರಿನ ಧೂಳು, ಗಡಸು ನೀರು. ಅಂಗಡಿಯಿಂದ ತಂದ ಹೊಸ ಬಟ್ಟೆ ನಾಲ್ಕೇ ತಿಂಗಳಿಗೆ ನೆಲ ಒರೆಸಲು ಬೀಳುತ್ತಿತ್ತು. ಒಂದು ಭಾನುವಾರ ರುದ್ರಮ್ಮ ನನ್ನನ್ನು ಹೊಸಪೇಟೆಗೆ, ರಸ್ತೆಬದಿಯಲ್ಲಿ ಹಳೆ ಬಟ್ಟೆ ರಾಶಿ ಹಾಕಿ ಮಾರುವವಳ ಹತ್ತಿರ ಕರೆದೊಯ್ದರು. ನಮ್ಮ ಕಡೆ ಪರರು ಉಟ್ಟದ್ದನ್ನು ಕೊಂಡು ಉಡುವುದೆಂದರೆ ಮಾನ ಹೋದ ಹಾಗೆ. ನಾನು ಮೂಗು ಮುರಿದದ್ದನ್ನು ಕಂಡು ಮಾರುವವಳು ನಕ್ಕಳು. “ಹೊಸಾದು ಬಾಳ್ತೈತೋ ಇಲ್ಲೋ ಯಾರಿಗ್ ಗೊತ್ರಿ? ಇದು ಬಾಳಿ ತೋರಿಸೈತಿ.” ಒಳಮಗ್ಗುಲು ತಿರುವಿ ಹೊಲಿಗೆ ನೋಡುವುದು, ಬಿಸಿಲಿಗೆ ಹಿಡಿದು ಸವೆತ ನೋಡುವುದು, ಕಂಕುಳಲ್ಲಿ ಎಳೆದು ನೋಡುವುದು, ಎಲ್ಲ ಅವಳೇ ಕಲಿಸಿದಳು. ಅಂದು ತಂದ ಎರಡು ಕುರ್ತಾ ಇಂದಿಗೂ ಗಟ್ಟಿಯಾಗಿವೆ.

ಅಷ್ಟರಲ್ಲಿ ಬಸುರಿಯಾದೆ. ತವರಿಗೆ ಹೋಗುವಂತಿರಲಿಲ್ಲ, ದೂರದ ಪ್ರಯಾಣ ಬೇಡವೆಂದರು ಡಾಕ್ಟರು, ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಹುಟ್ಟಿದ ಮಗುವಿಗೆ ಮೊದಲು ಹಳೆ ಬಟ್ಟೆಯನ್ನೇ ಹಾಕುವುದು ನಮ್ಮಲ್ಲೂ ಇದೆ. ಅದಕ್ಕೇ ಆ ರಾಶಿಯಲ್ಲಿ ಹುಡುಕಿ ನಾಲ್ಕು ಪುಟ್ಟ ಅಂಗಿ ತಂದು ಜಂಬದಿಂದ ರುದ್ರಮ್ಮನಿಗೆ ತೋರಿಸಿದೆ. ಅವರ ಮುಖ ಬಿಳಿಚಿತು.

“ಅಯ್ಯ ಶಿವನ! ಕೂಸಿನ ಅರಿವಿ ರೊಕ್ಕ ಕೊಟ್ಟು ತರ್ತಾರೇನ್ರಿ? ಮಕ್ಳೆಲ್ಲ ಉಳಿದವರ ಹತ್ರ ಬೇಡಿ ತರ್ಬೇಕ್ರಿ. ಇದನ್ನ ಹಾಕ್ಕೊಂಡಿದ್ದ ಕೂಸು ಈಗ ಐತೋ ಇಲ್ಲೋ, ಯಾರಿಗ್ ಗೊತ್ತು?”

ಮೂಢನಂಬಿಕೆ ಎಂದು ನಕ್ಕೆ. ಆದರೆ ಆ ಚೀಲವನ್ನು ಬೀರುವಿನಲ್ಲಿಟ್ಟೆ, ತೆಗೆದೆ, ಮಂಚದ ಕೆಳಗೆ ತಳ್ಳಿದೆ, ಮತ್ತೆ ಎಳೆದೆ. ಕೂತಲ್ಲಿ ಕೂರಲಾಗಲಿಲ್ಲ. ಭಯವಾಗಿತ್ತು, ಭಯಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ನಮ್ಮೂರಲ್ಲಾಗಿದ್ದರೆ ಬೀದಿಗೆ ನಾಲ್ವರು ಅತ್ತೆಯರು, ಪೆಟ್ಟಿಗೆ ತುಂಬ ಹಳೆ ಸೀರೆಗಳು. ಹಳೆ ಬಟ್ಟೆ ಬೇಕೆಂದರೆ ಮೊದಲು ಹಳೆಯ ಜನ ಬೇಕು. ಇಲ್ಲಿ ನಾನು ಯಾರ ಮುಂದೆ ಕೈ ಚಾಚಲಿ?

ನನ್ನ ಚಡಪಡಿಕೆ ನೋಡಲಾರದೆ ರುದ್ರಮ್ಮ ಮೆಟ್ರಿ ಎಂಬ ಹಳ್ಳಿಯಲ್ಲಿರುವ ತಮ್ಮ ತಾಯಿಯ ಮನೆಗೆ ಕರೆದೊಯ್ದರು. ಏಳು ಹೆತ್ತು ಏಳನ್ನೂ ಉಳಿಸಿಕೊಂಡ ಅಜ್ಜಿ. “ಸೆರಗೊಡ್ಡಿ ಕೇಳ್ರಿ,” ಎಂದು ರುದ್ರಮ್ಮ ಪಿಸುಗುಟ್ಟಿದರು. ನಾನು ತೊಟ್ಟಿದ್ದು ಚೂಡಿದಾರ, ಸೆರಗೆಲ್ಲಿಂದ ತರಲಿ? ಗಾಬರಿಯಲ್ಲಿ ದುಪಟ್ಟಾವನ್ನೇ ಒಡ್ಡಿ ನಿಂತೆ. ಯಾರಲ್ಲೂ ಏನನ್ನೂ ಬೇಡಿ ಗೊತ್ತಿಲ್ಲದವಳು ನಾನು.

“ಯಾವ್ದು ಒಡ್ತಿ, ಅದ ಸೆರಗವ್ವ. ತಗೋ,” ಎಂದು ಅಜ್ಜಿ ತಾವು ಉಟ್ಟು ಉಟ್ಟು ಮೆತ್ತಗಾಗಿದ್ದ ಹಸಿರು ನೂಲಿನ ಸೀರೆಯನ್ನು ಅದರಲ್ಲಿ ಹಾಕಿದರು. ನಾನು ಅತ್ತುಬಿಟ್ಟೆ.

ಮಗಳು ಹುಟ್ಟಿದ ದಿನ ವಿಡಿಯೋ ಕಾಲ್‌ನಲ್ಲಿ ಮಗುವಿಗೆ ಸುತ್ತಿದ್ದನ್ನು ನೋಡಿ ಅಮ್ಮ ಕೇಳಿದಳು, “ಯಾರ್ ಸೀರೆ ಮಗ ಅದು?”

“ಅಜ್ಜೀದಮ್ಮ,” ಎಂದೆ.

“ನಮ್ಮವ್ವಂದಾ? ಇಷ್ಟ್ ವರ್ಸ ಮಡಗಿದ್ಯಾ?” ಎಂದವಳೇ ಅಮ್ಮ ಅಳತೊಡಗಿದಳು. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎಂದು ತಿಂಗಳುಗಳು ಕಳೆದವು.

ಅಮ್ಮ, ಇದನ್ನು ನೀನೂ ಓದುತ್ತೀಯ. ಅದು ಮೆಟ್ರಿಯ ಅಜ್ಜಿಯ ಸೀರೆ. ನೀನು ಕಳಿಸಿದ ಹೊಸ ಶಾಲು ಹೊದಿಸಿದರೆ ಮಗಳು ಒದ್ದು ಅಳುತ್ತಾಳೆ, ಇದರಲ್ಲಿ ಸುತ್ತಿದರೆ ಮಲಗುತ್ತಾಳೆ. ನಿನ್ನ ಮೊಮ್ಮಗಳಿಗೆ ಅಜ್ಜಿಯ ವಾಸನೆ ಎಂದರೆ ಸದ್ಯಕ್ಕೆ ಅದೇ. ಬೇಗ ಬಾ.