ಟೈಪಿಂಗ್ ಟೀಚರ್ ಮಾತಾಡಿದ ಭಾನುವಾರ

ಹೋದ ವಾರ ಹೊಲಿಗೆ ಮೆಷಿನ್ ರಿಪೇರಿಯವನು ಮನೆಗೆ ಬಂದು ಎಣ್ಣೆ ಬಿಟ್ಟು ಹೋದ. ಆ ವಾಸನೆ ಸಂಜೆಯವರೆಗೂ ನಡುಮನೆಯಲ್ಲೇ ನಿಂತಿತ್ತು. ಶಿಡ್ಲಘಟ್ಟದಲ್ಲಿ ನಮ್ಮ ಟೈಪಿಂಗ್ ಟೀಚರ್ ಕೋಣೆಗೆ ಕಾಲಿಟ್ಟರೆ ಇದೇ ವಾಸನೆ... ಮಹಡಿ ಮೇಲಿನ ಕೋಣೆ, ಎಂಟು ಟೈಪ್‌ರೈಟರು, ಕೀಲಿ ನೋಡಿಕೊಂಡು ಹೊಡೆದರೆ ಬೆರಳ ಮೇಲೆ ಸ್ಕೇಲಿನ ಏಟು. ನನಗೆ ಕನ್ನಡ ಟೈಪಿಂಗ್ ಕಲಿಸಿದವರು ಅವರು.

ಮುಂದೆ ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಗಲ್ಲಿಗೊಂದು ಇಂಟರ್‌ನೆಟ್ ಸೆಂಟರ್ ತೆರೆಯುತ್ತಿದ್ದ ಕಾಲ. ತಿಂಗಳಿಗೊಂದು ಭಾನುವಾರ ಆ ಲ್ಯಾಬಿನಲ್ಲಿ, ಲಿನಕ್ಸ್ ಎಂಬ ಉಚಿತ ತಂತ್ರಾಂಶ ಬಳಸುವವರ ಗುಂಪು ಸೇರುತ್ತಿತ್ತು. ಪರದೆಯ ಮೇಲೆ ಬರುವ ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದೆವು. ಅದಕ್ಕೆ ನಾನೇ ಮುಂದಾಳು. ಐವತ್ತು ದಾಟಿದ್ದ ಟೀಚರ್ ಶಿಡ್ಲಘಟ್ಟದ ಬಸ್ಸು ಹತ್ತಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಒಮ್ಮೆ ನನ್ನ ಪಟ್ಟಿಯಲ್ಲಿ 'ಸೇವ್ ಫೈಲ್' ಎಂಬುದಕ್ಕೆ ನಾನು ಬರೆದದ್ದನ್ನು ನೋಡಿ, "ಕಡತ ಸಂರಕ್ಷಿಸು ಅಂದ್ರೆ ಯಾರಿಂದಪ್ಪ? ಉಳಿಸು ಅಂದ್ರೆ ಸಾಕಲ್ವಾ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ಸಭೆಗೆ ಬೆಂಗಳೂರಿನಿಂದ ಒಬ್ಬ ಹಿರಿಯರು ಬರುವವರಿದ್ದರು. ಕಂಪ್ಯೂಟರಿಗೆ ಕನ್ನಡ ತರುವ ರಾಜ್ಯಮಟ್ಟದ ತಂಡಕ್ಕೆ ಯಾರು ಬೇಕು ಎಂದು ಆರಿಸುವವರು ಅವರು. ನಾನು ಬೇಡವೆಂದರೂ ಗೆಳೆಯರು ಟೀಚರಿಗೆ ಅರ್ಧ ಗಂಟೆ ಕೊಟ್ಟರು.

ಟೀಚರ್ ಇಸ್ತ್ರಿ ಮಾಡಿದ ಸೀರೆಯುಟ್ಟು, ಒಂದು ದಪ್ಪ ನೋಟ್ ಪುಸ್ತಕ ಹಿಡಿದು ಬಂದರು. ತಿಂಗಳಿಡೀ ಮೇಲೂರು, ಜಂಗಮಕೋಟೆಯ ಕಡೆ ಹಳ್ಳಿ ಸುತ್ತಿ, ರೇಷ್ಮೆ ನೂಲು ಬಿಚ್ಚುವ ಹೆಂಗಸರ ಜೊತೆ ಕೂತು ಪದ ಆರಿಸಿದ್ದರು. ಇಂಟರ್‌ನೆಟ್ ಸಂಪರ್ಕ ತಪ್ಪಿದರೆ 'ಎಳೆ ಕಡಿದಿದೆ' ಎಂದು ಬರೆಯಬಹುದು, ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ ಎಂದರು. ಬೆಂಗಳೂರಿನ ಹಿರಿಯರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ತಂಡದಲ್ಲಿ ನನಗೆ ಸಿಗಬೇಕಾದ ಜಾಗ ಕೈತಪ್ಪುತ್ತದೆ ಎನಿಸಿ ಎದ್ದು ನಿಂತೆ.

"ಟೀಚರ್, ಇದು ರೇಷ್ಮೆ ಗೂಡಿನ ಮಾರ್ಕೆಟ್ ಅಲ್ಲ," ಎಂದೆ. "ಮೌಸ್ ಹಿಡಿದ್ರೆ ನಿಮ್ ಕೈ ನಡುಗುತ್ತೆ. ನಮಗೆ ಕಂಪ್ಯೂಟರ್ ಪಾಠ ಹೇಳ್ತೀರ?"

ಲ್ಯಾಬ್ ತುಂಬ ನಗು. ಕೈ ನಡುಗುತ್ತಿದ್ದದ್ದು ನಿಜ. ಅದೊಂದು ಕಾಯಿಲೆ, ವಾಸಿಯಾಗುವುದಿಲ್ಲ, ಇನ್ನೆರಡು ವರ್ಷದಲ್ಲಿ ಟೈಪ್ ಮಾಡಲು ಆಗುವುದೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ಅವರೇ ನಂಬಿ ಹೇಳಿದ್ದರು.

ಟೀಚರ್ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ಪುಸ್ತಕದಲ್ಲಿ ಇನ್ನೂ ಅರ್ಧ ಬಾಕಿಯಿತ್ತು. "ನಾನ್ ಹೇಳ್ಬೇಕಾದ್ದು ಇಷ್ಟೇ" ಎಂದು ಹೋಗಿ ಕೂತರು. ಹಿರಿಯರೂ ಮುಗುಳ್ನಕ್ಕು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಸಭೆ ಮುಗಿದ ಮೇಲೆ ಆ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು. "ನನ್ ಕೈಲಿ ಟೈಪ್ ಮಾಡಕ್ಕಾಗಲ್ಲ. ಬೇಕಾದ್ರೆ ನೋಡು, ಬೇಡಾಂದ್ರೆ ಒಲೆಗೆ ಹಾಕು."

ಒಲೆಗೆ ಹಾಕಲಿಲ್ಲ. ಮೂರು ವಾರ ಕೂತು, ಅವರು ಕಲಿಸಿದ ಬೆರಳುಗಳಿಂದ, ಅದರಲ್ಲಿದ್ದದ್ದನ್ನೆಲ್ಲ ಟೈಪ್ ಮಾಡಿದೆ. ಅನುವಾದಕರು ಎಂಬಲ್ಲಿ ನನ್ನ ಹೆಸರು ಹಾಕಿ ಬೆಂಗಳೂರಿಗೆ ಕಳಿಸಿದೆ. ಸಭೆಯಲ್ಲಿ ಕೇಳಿದ ಒಂದೆರಡು ಪದಗಳನ್ನು ಹಿರಿಯರು ಗುರುತಿಸಿದರೋ ಇಲ್ಲವೋ... ಬಹಳ ಹೊಗಳಿದರು. ತಂಡಕ್ಕೆ ಸೇರಿಸಿಕೊಂಡರು.

ಆರೇಳು ತಿಂಗಳ ಮೇಲೆ ಶಿಡ್ಲಘಟ್ಟಕ್ಕೆ ಹೋದಾಗ ಕೋಣೆಯಲ್ಲಿ ಎರಡೇ ಟೈಪ್‌ರೈಟರು ಉಳಿದಿದ್ದವು. ಮೂಲೆಯ ಕಂಪ್ಯೂಟರಿನಲ್ಲಿ ನಮ್ಮ ಕನ್ನಡ ಪರದೆ. ಟೀಚರ್ ಎಲ್ಲವನ್ನೂ ಓದಿದ್ದರು, ಅನುವಾದಕರ ಹೆಸರನ್ನೂ. ಬೈಯುತ್ತಾರೆಂದು ಕಾದೆ. ಒಂದು ಕಡೆ ಒತ್ತಕ್ಷರ ತಪ್ಪಿದೆ, ತಿದ್ದು ಎಂದಷ್ಟೇ ಹೇಳಿದರು. ನಾನು ತಡವರಿಸುತ್ತ, ಮುಂದಿನ ಸಲ ನಿಮ್ಮ ಹೆಸರನ್ನೂ ಸೇರಿಸುತ್ತೇನೆ ಎಂದೆ.

"ಬೇಡ ಕಣಪ್ಪ," ಎಂದರು. "ನಿನ್ನ ಹೆಸರಿನ ಪಕ್ಕ ಬೇಡ."

ಆಮೇಲೆ ಕೋಣೆ ಮುಚ್ಚಿ ಚಿಂತಾಮಣಿಯ ತಂಗಿ ಮನೆಗೆ ಹೋದರಂತೆ. ಅಲ್ಲೇ ತೀರಿಕೊಂಡರು ಎಂದು ನನಗೆ ತಿಳಿದದ್ದು ಎರಡು ವರ್ಷ ಕಳೆದ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮಾತಿಗೆ ಮಾತು ಬಂದು ಹೇಳಿದಾಗ.

ಈಚೆಗೆ ಗೌರಿಬಿದನೂರಿನ ಕಾಲೇಜೊಂದು ಕಂಪ್ಯೂಟರಿನಲ್ಲಿ ಕನ್ನಡದ ಬಗ್ಗೆ ಮಾತಾಡಲು ನನ್ನನ್ನು ಕರೆದಿತ್ತು. ಶಾಲು ಹೊದಿಸಿದರು. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು, ಅಂಥ ಪದಗಳು ನಿಮಗೆ ಹೇಗೆ ಹೊಳೆದವು ಎಂದು ಕೇಳಿದಳು. ಟೀಚರ್ ಹೆಸರು ಬಾಯಿಗೆ ಬಂತು. ಮೈಕು ಕೈಯಲ್ಲೇ ಇತ್ತು.

"ನಮ್ಮೂರ ಜನ ಆಡೋ ಮಾತನ್ನ ಕಿವಿಗೊಟ್ಟು ಕೇಳಿದೆ ಕಣಮ್ಮ, ಅಷ್ಟೇ," ಎಂದೆ.

ಚಪ್ಪಾಳೆ ಬಿತ್ತು. ಅಲ್ಲ ಎನ್ನಲು ಅವರಿಲ್ಲ.