ಕುಟ್ಟಾಣಿ ನಿಲ್ಲುತ್ತಿದ್ದ ಹೊತ್ತು

ಟಣ್, ಟಣ್, ಟಣ್. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ, ಗಡಿಬಿಡಿಯಿಂದ, ಟಣ್ ಟಣ್ ಟಣ್. ಸಂಭಾಜಿನಗರದ ಈ ಫ್ಲ್ಯಾಟಿನಲ್ಲಿ ಪಕ್ಕದವರು ಚಹಕ್ಕೆ ಶುಂಠಿ ಜಜ್ಜುವಾಗಲೆಲ್ಲ ನನ್ನ ಕಿವಿ ನಡುವಿನ ಆ ಮೌನಕ್ಕೆ ಕಾಯುತ್ತದೆ. ನಿಮ್ಮ ಮನೆಯಲ್ಲೂ ಅಂಥದೊಂದು ಸದ್ದು ಇದ್ದಿರಬೇಕು, ಈಗ ಮಿಕ್ಸರಿನಲ್ಲಿ ಮುಳುಗಿಹೋದದ್ದು. ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಬ್ಯಾಂಕಿನ ಟ್ರಾನ್ಸ್‌ಫರ್ ಆಗಿ ನಾವು ಧಾರವಾಡದಿಂದ ನಾಸಿಕಕ್ಕೆ ಬಂದಿದ್ದೆವು. ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಅವ್ವ ಹಿತ್ತಾಳೆಯ ಕುಟ್ಟಾಣಿ ಹಿಡಿದು ಅರಿಶಿನದ ಕೊಂಬು, ಹುರಿದ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಘಾಟು ಹೊರಗಿನ ಕೋಣೆಯ ತನಕ ಬಂದು ಕರ್ಟನ್‌ಗಳಿಗೆ ಅಂಟಿಕೊಳ್ಳುತ್ತಿತ್ತು. ಅಲ್ಲಿ ಕೂತ ಅಜ್ಜಿ, ಅಪ್ಪನ ತಾಯಿ, ಸದ್ದು ನಿಂತ ಕೂಡಲೇ ಕೇಳುತ್ತಿದ್ದಳು. "ಯಾಕ, ಕೈ ನಿಂತೂ? ನಿದ್ದಿ ಬಂತೇನು?"

"ಇಲ್ರೀ ಅತ್ತಿ, ಕಣ್ಣಾಗ ಖಾರ ಬಿತ್ತು."

ಆ ಕಣ್ಣಿಗೆ ಎಷ್ಟು ಖಾರ ಬೀಳುತ್ತಿತ್ತೋ.

ಕಾನ್ವೆಂಟಿನ ಲೈಬ್ರರಿಯಿಂದ ನಾನು ತರುತ್ತಿದ್ದದ್ದೆಲ್ಲ ಸೈನ್ಸ್ ಫಿಕ್ಷನ್, ಇಲ್ಲವೇ ಡ್ರ್ಯಾಗನ್‌ಗಳ ಫ್ಯಾಂಟಸಿ. ಅಜ್ಜಿಗೆ ಅವು ಸುಳ್ಳಿನ ಪುಸ್ತಕಗಳು. ಹಳೆಯ ಗೋಂದಿನ, ಒದ್ದೆ ರಟ್ಟಿನ ವಾಸನೆಯ ಆ ಪುಸ್ತಕಗಳನ್ನು ಓದಿ ಮುಗಿಸಿದ ಮೇಲೆ ಅಡುಗೆಕೋಣೆಯ ಅಕ್ಕಿ ಡಬ್ಬಿಯ ಮೇಲಿನ ಶೆಲ್ಫಿನಲ್ಲಿ ಇಡುತ್ತಿದ್ದೆ. ಅದರಲ್ಲೊಂದು ನನಗೆ ಪ್ರಾಣವಾಗಿತ್ತು. ದೂರದ ನಕ್ಷತ್ರಕ್ಕೆ ಹೊರಟ ದೊಡ್ಡ ಹಡಗು. ಪ್ರಯಾಣ ಎಷ್ಟು ಉದ್ದವೆಂದರೆ ಅದರೊಳಗೇ ಹುಟ್ಟಿದ ಹುಡುಗಿಯೊಬ್ಬಳು ಮಣ್ಣನ್ನೇ ಕಂಡಿಲ್ಲ. ಕನ್ನಡ ಮೀಡಿಯಮ್ಮಿನಲ್ಲಿ ಮೆಟ್ರಿಕ್ ಮಾಡಿದ್ದ ಅವ್ವ ನನ್ನ ಜಡೆ ಹೆಣೆಯುತ್ತ ಕೇಳಿದ್ದಳು, "ಆರ್ಬಿಟ್ ಅಂದ್ರ ಏನವಾ?" ನನ್ನ ಇಂಗ್ಲಿಷ್ ಪರೀಕ್ಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮತ್ತೊಂದು ದಿನ ಬಾಚಣಿಕೆ ಹಲ್ಲಲ್ಲಿ ಕಚ್ಚಿಕೊಂಡೇ ಗೊಣಗಿದಳು, "ಅಷ್ಟು ಮಂದಿಗೆ ಅಡಗಿ ಯಾರು ಮಾಡ್ತಾರಂತ ಎಲ್ಲೂ ಬರದೇ ಇಲ್ಲಲ್ಲ." ಆಗಲೂ ನನಗೆ ಹೊಳೆಯಲಿಲ್ಲ.

ಪುಸ್ತಕ ಹಿಂದಿರುಗಿಸಿದ ದಿನ ಲೈಬ್ರರಿಯ ಸಿಸ್ಟರ್ ಅದನ್ನು ತೆರೆದು ಇಡೀ ಕ್ಲಾಸಿಗೆ ತೋರಿಸಿದರು. ಪುಟಪುಟದ ಕೆಳಗಿನ ಮೂಲೆಯಲ್ಲಿ ಹಳದಿ ಬೆರಳಿನ ಗುರುತು. "ಈಸ್ ದಿಸ್ ಅ ಬುಕ್ ಆರ್ ಅ ಕರಿ ಪ್ಲೇಟ್?" ಹುಡುಗಿಯರು ನಕ್ಕರು. ಸಾರಿ, ಸಿಸ್ಟರ್, ಎಂದೆ. ನನ್ನ ಕೈಗಳು ಸ್ವಚ್ಛವಾಗಿದ್ದವು, ಆದರೂ ತಾವಾಗಿಯೇ ಬೆನ್ನ ಹಿಂದೆ ಹೋದವು. ನಾನು ಕೊನೆಯ ಪುಟದವರೆಗೆ ಓದಿದ್ದೆ. ಹಳದಿ ಬೆರಳಿನ ಗುರುತು ಮಾತ್ರ ಪುಸ್ತಕದ ನಡುವೆಯೇ ನಿಂತಿತ್ತು. ಪುಸ್ತಕ ಕಪಾಟು ಸೇರಿ ಬೀಗ ಬಿತ್ತು.

ಊಟಕ್ಕೆ ಕೂತಾಗ ಅಳುತ್ತ ಎಲ್ಲ ಹೇಳಿದೆ. "ನಾ ಅಂತೂ ಇಂಗ್ಲಿಷ್ ಓದ್ಲಿಕ್ಕೆ ಹೋಗಿಲ್ಲವಾ," ಎಂದಳು ಅಜ್ಜಿ. "ಹಂಗಾರ ನಮ್ಮನಿ ಇಲಿಗೋಳು ಕಾನ್ವೆಂಟಿಗೆ ಹೊಂಟಾವ," ಎಂದ ಅಪ್ಪ. ನನಗೂ ಅಳುವಿನ ನಡುವೆ ನಗು ಬಂತು. ಆಗ ಸಾರು ಬಡಿಸುತ್ತಿದ್ದ ಅವ್ವನ ಕೈ ಕಂಡಿತು. ಉಗುರುಗಳು ಹಳದಿ. ಎಡಗೈಯಿಂದ ಸೆರಗು ಎಳೆದು ಬಲಗೈ ಬೆರಳು ಮುಚ್ಚಿಕೊಂಡು, "ಇನ್ನಷ್ಟು ಅನ್ನ ಹಾಕ್ಲೇನ್ರೀ?" ಎಂದು ಅಪ್ಪನನ್ನು ಕೇಳಿದಳು. ಅವಳು ನನ್ನತ್ತ ನೋಡಲಿಲ್ಲ, ನಾನೂ ನೋಡಲಿಲ್ಲ. ಅವಳ ಬಗ್ಗೆ ನಾಚಿಕೆಯಾಯಿತೋ, ಅವಳಿಗಾಗಿ ನಾಚಿಕೆಯಾಯಿತೋ, ಈ ವಯಸ್ಸಿನಲ್ಲೂ ಬಿಡಿಸಿ ಹೇಳಲಾರೆ. ಮರುದಿನದಿಂದ ಕುಟ್ಟಾಣಿ ಎಲ್ಲೂ ನಿಲ್ಲಲಿಲ್ಲ. "ಈಗ ನೋಡು, ಕೈ ಎಷ್ಟು ಛಲೋ ಓಡ್ತಾವ," ಎಂದು ಅಜ್ಜಿ ಮೆಚ್ಚಿಕೊಂಡಳು. ನಾನು ತಂದ ಪುಸ್ತಕಗಳು ಶೆಲ್ಫಿನಲ್ಲಿ ಇಟ್ಟಲ್ಲೇ ಇರುತ್ತಿದ್ದವು.

ಅಜ್ಜಿ ಹೋದಳು, ಅಪ್ಪ ಹೋದ, ಆ ಮನೆ ಇದ್ದಲ್ಲಿ ಮೊಬೈಲ್ ಅಂಗಡಿ ಬಂತು. ಅವ್ವ ನಾಸಿಕದಲ್ಲೇ ನನ್ನ ತಮ್ಮನ ಮನೆಯಲ್ಲಿದ್ದಳು. ಒಮ್ಮೆ ಹೋದಾಗ, ಯಾವುದೋ ಮದುವೆಯ ಮಾತಿನ ನಡುವೆ ಕೇಳಿದಳು, "ಆ ಹುಡುಗಿ ಇಳದ್ಲೇನವಾ?"

"ಯಾವ ಹುಡುಗಿ?"

"ಹಡಗಿನ್ಯಾಗ ಹುಟ್ಟಿದಾಕಿ."

ಇಷ್ಟು ವರ್ಷ ಜಡೆ ಹಾಕಿಸಿಕೊಳ್ಳುತ್ತ, ಬೇಳೆ ಆರಿಸುತ್ತ, ಒಂದೇ ವಾಕ್ಯದಲ್ಲಿ ಹೇಳಬಹುದಿತ್ತು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. "ತಂದುಕೊಡ್ತೀನಿ, ನೀನಽ ಓದು," ಎಂದೆ.

ಇಲ್ಲಿ ಸಂಭಾಜಿನಗರದ ಹಳೆಯ ಪುಸ್ತಕದಂಗಡಿಯಲ್ಲಿ ಅದು ಸಿಕ್ಕಿತು. ಯೇವಲಾ ಮೇಲೆ ನಾಸಿಕಕ್ಕೆ ಹೋಗುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಹೋದೆ. "ಆಯೀ, ತಾಈ ಆಲ್ಯಾ," ಅಕ್ಕ ಬಂದಳು ಎಂದು ತಮ್ಮನ ಹೆಂಡತಿ ಮರಾಠಿಯಲ್ಲಿ ಒಳಗೆ ಕೂಗಿ ಹೇಳಿದಳು. ಅವ್ವ ಕಿಟಕಿಯ ಹತ್ತಿರ ಕೂತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆಯ ಸಲ. ಪುಸ್ತಕವನ್ನು ಮಡಿಲಲ್ಲಿಟ್ಟೆ. ಕನ್ನಡಕ ಹಾಕಿಕೊಂಡು ಕೈ ಚಾಚಿದಳು, ತಡೆದಳು. ಎಷ್ಟೋ ವರ್ಷಗಳಿಂದ ಒಲೆಯ ಹತ್ತಿರ ಹೋಗದ, ಒಣಗಿ ಬೆಳ್ಳಗಾದ ಬೆರಳುಗಳು. ಅವನ್ನು ಒಂದೊಂದಾಗಿ ಸೆರಗಿಗೆ ಒರೆಸಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಇನ್ನೊಮ್ಮೆ ಒರೆಸಿಕೊಂಡು, ಆಮೇಲೆ ಪುಟ ಮುಟ್ಟಿದಳು.