ಕಪ್ಪುಕುಳಿಯ ಅಂಚಿನ್ಯಾಗ ನನ್ನ ತಮ್ಮ

ಶಿಗ್ಗಾಂವದ ಕಾಲೇಜಿನ್ಯಾಗ ನಾನು ಭೌತಶಾಸ್ತ್ರ ಕಲಸ್ತೇನಿ. ಕಪ್ಪುಕುಳಿ ನಮ್ಮ ಪಠ್ಯದಾಗ ಇಲ್ಲ, ಆದ್ರೂ ವರ್ಷಾ ಅದಕ್ಕೊಂದು ತಾಸು ಕೊಡ್ತೇನಿ. ಮಕ್ಕಳು ಮೊಬೈಲಿನ್ಯಾಗ ನೋಡಿದ್ದನ್ನೆಲ್ಲ ತಂದು ಕೇಳ್ತಾರ: ಕುಳಿಯೊಳಗ ಏನದ, ಆ ಕಡೆ ಮತ್ತೊಂದು ವಿಶ್ವ ಹುಟ್ಟಿರಬಹುದಾ, ನಮ್ಮ ವಿಶ್ವನೂ ಹಂಗ ಯಾವುದರೊಳಗಿಂದರ ಬಂದದ್ದಾ. ಯಾರಿಗೂ ಗೊತ್ತಿಲ್ಲ ಅಂತೇನಿ. ಅವರಿಗೆ ಬ್ಯಾಸರ ಆಗ್ತದ. ಆಗಲಿ, ನನಗೂ ಆಗ್ತದ.

ಹೋದ ವರ್ಷ ಸವಣೂರಿಂದ ಕಾಕಾ ಬಂದ್ರು. ಅಪ್ಪ ಹೋದ ಮ್ಯಾಲ ಮನಿಗೆ ಹಿರೇರು ಅವರ. ಕೈಕಾಲು ತೊಳಕೊಂಡು ಕುಂತು ಅವ್ವಗ ಹೇಳಿದ್ರು, “ಹನ್ನೆರಡು ವರ್ಷ ಮುಗೀತು ವೈನಿ. ಇನ್ನ ಮಾಡಿಬಿಡೋಣ್ರಿ.”

ನನ್ನ ತಮ್ಮನ ಮಾತದು. ಹಿರೇಕೆರೂರಿನ್ಯಾಗ ಗೆಳೆಯನ ಲಗ್ನ ಅಂತ ಹೋದಾಂವ ಲಗ್ನಕ್ಕ ಮುಟ್ಟಲಿಲ್ಲ. ಹಾನಗಲ್ ಬಸ್‌ಸ್ಟ್ಯಾಂಡಿನ್ಯಾಗ ಚಹಾ ಕುಡಿಯೋದನ್ನ ನಮ್ಮ ಮಾಮಾ ನೋಡಿದ್ರು, ಅಷ್ಟ. ಪೊಲೀಸರು, ಪೇಪರಿನ್ಯಾಗ ಫೋಟೋ, ದೇವರು ಕೇಳಿಸೋದು, ಎಲ್ಲಾ ಆತು. ನಮ್ಮ ಮಂದ್ಯಾಗ ಹನ್ನೆರಡು ವರ್ಷ ಸುದ್ದಿ ಇಲ್ಲದಾಂವನ್ನ ತೀರಿಕೊಂಡಾನ ಅಂತ ಹಿಡೀತಾರ. ದರ್ಭಿ, ಮುತ್ತಲದೆಲಿ ಕೂಡಿಸಿ ಆಳಿನ ಆಕಾರ ಕಟ್ಟಿ, ತಲಿ ಜಾಗಕ್ಕ ತೆಂಗಿನಕಾಯಿ ಇಟ್ಟು ಸುಡತಾರ. ಹಂಗ ಮಾಡದಿದ್ರ ಹುಡುಗಗ ಗತಿ ಇಲ್ಲ ಅನ್ನೋದು ಕಾಕಾನ ಚಿಂತಿ. ಕಾಕಾ ಕೆಟ್ಟವರಲ್ಲ.

ಅವ್ವ ನನ್ನ ಕಡೆ ನೋಡಿ, “ನೀ ಏನಂತಿ?” ಅಂದ್ಲು. ಅವನ ಮಾತು ಬಂದಾಗ ಅಳು ಬರೋದು ನಿಂತು ಭಾಳ ವರ್ಷ ಆಗಿತ್ತು. ಹಲ್ಲು ಕೀಳಿಸಿದ ದಿನ ದವಡಿ ಜೋಮು ಹಿಡದಿರ್ತದಲ್ಲ, ಹಂಗಿತ್ತು. ಬಾಯಿಗೆ ಬಂದದ್ದು ಪಾಠನ.

“ಕಪ್ಪುಕುಳಿ ಅಂತ ಇರ್ತದವ್ವ. ಅದರಾಗ ಬೀಳಾಂವನ್ನ ಹೊರಗ ನಿಂತು ನೋಡಿದ್ರ ಬಿದ್ದದ್ದು ಎಂದೂ ಕಾಣಂಗಿಲ್ಲ. ಅಂಚಿನ್ಯಾಗ ನಿಂತಂಗ ಕಾಣ್ತಾನ. ಮಸಕಾಗ್ತಾ ಹೋಗ್ತಾನ, ಅಷ್ಟ. ಎಷ್ಟು ವರ್ಷ ಕಾದ್ರೂ ಅಷ್ಟ.”

ಕಾಕಾ ಕಣ್ಣು ಮುಚ್ಚಿಕೊಂಡ್ರು. ಇಂಥಾ ಹೊತ್ತಿನ್ಯಾಗ ಇದೆಂಥಾ ಮಾತು ಅಂತ ಅನಿಸಿರಬೇಕು. ನನಗೂ ಅನಿಸಿತು.

ಅವ್ವ ಮಾತ್ರ ವಿಚಾರ ಮಾಡಿದ್ಲು. “ಬೀಳಾಂವಗ ಎಷ್ಟು ಹೊತ್ತಾಗಿರ್ತದ?”

“ಅವಗೇನವ್ವ, ಒಂದೀಟ ಹೊತ್ತು.”

“ಹಂಗಾದ್ರ ಇನ್ನೂ ಹಸಿವಿ ಆಗಿರಂಗಿಲ್ಲ,” ಅಂದು ಒಳಗ ಎದ್ದು ಹೋದ್ಲು.

ಮುಂದ ಆಚಾರ್ರು ಬಂದು ದಿನ ಗೊತ್ತು ಮಾಡಾಕ ಕುಂತಾಗ, ಅವ್ವ ಅಡಗಿಮನಿ ಬಾಗಲದಾಗ ನಿಂತು ಕೇಳಿದ್ಲು, “ಇದೆಲ್ಲಾ ಮಾಡಿದ ಮ್ಯಾಲ ಅಂವ ಬಂದ್ರ?”

ಆಚಾರ್ರಿಗೆ ಇದೇನು ಹೊಸಾದಲ್ಲ. “ಅದಕ್ಕೂ ಶಾಸ್ತ್ರ ಅದರಿ. ತುಪ್ಪದ ಕೊಡದಾಗ ಇಳಿಸಿ ತಗೀಬೇಕು. ಈಗ ಹುಟ್ಟಿದ ಕೂಸು ಅಂತ ತಿಳದು ಜಾತಕರ್ಮ, ನಾಮಕರಣ, ಮುಂಜಿವಿ, ಎಲ್ಲಾ ಮೊದಲಿಂದ.”

“ಆಳೆತ್ತರದಾಂವ ಕೊಡದಾಗ ಹೆಂಗ ಹಿಡಸ್ತಾನ್ರಿ?”

“ಹಂಡೆ ಆದ್ರೂ ನಡೀತದ.”

“ಹಂಗಾದ್ರ ಮಾಡ್ರಿ,” ಅಂದ್ಲು ಅವ್ವ.

ಸುಡೋ ಜಾಗಕ್ಕ ನಮ್ಮಲ್ಲಿ ಹೆಂಗಸರು ಹೋಗಂಗಿಲ್ಲ. ಆದ್ರೂ ನಾ ಹೋಗಿ ದೂರ ನಿಂತೆ. ಆಚಾರ್ರು ಕಾಕಾನ ಕಡೆ ಸಂಕಲ್ಪ ಹೇಳಿಸಿದ್ರು. ಬ್ರಹ್ಮನ ಆಯುಷ್ಯದಿಂದ ಹಿಡದು ಕಲ್ಪ, ಮನ್ವಂತರ, ಯುಗ ಎಲ್ಲಾ ಇಳದು, ಆ ದಿನದ ತಿಥಿ, ವಾರಕ್ಕ ಬಂದು ಮುಟ್ಟಿದ್ರು. ವಿಶ್ವದ ವಯಸ್ಸು ಅವರೂ ಹೇಳ್ತಾರ, ನಾನೂ ಹೇಳ್ತೇನಿ. ಹಾನಗಲ್ ಸ್ಟ್ಯಾಂಡಿನಿಂದ ಅಂವ ಎತ್ತ ಹೋದ ಅನ್ನೋದನ್ನ ಇಬ್ಬರೂ ಹೇಳಲಾರಿವಿ. ಎಲಿ ಹಸಿ ಇದ್ವು, ಹೊತ್ತಾಕ ತಡಾ ಆತು. ತೆಂಗಿನಕಾಯಿ ಸಪ್ಪಳ ಮಾಡಿ ಒಡೀತು. ನನಗ ಏನೂ ಅನಸಲಿಲ್ಲ.

ಸೂತಕ ಕಳೀತು. ಕಾಕಾ ಹಗರಾಗಿ ಸವಣೂರಿಗೆ ಹೋದ್ರು. ನಾ ಮತ್ತ ಪಾಠಕ್ಕ ಹೋದೆ.

ಒಂದು ದಿನ ಸಂಜಿಮುಂದ ಬಂದು ನೋಡ್ತೇನಿ, ಹಿತ್ತಲದ ಹಂಡೆ ಅಡಗಿಮನ್ಯಾಗ ಬಂದು ಕುಂತದ. ಅವ್ವ ತಿಕ್ಕಿಸಿ, ಒಳಗ ಹೊಸಾ ಕಲಾಯಿ ಹಾಕಿಸ್ಯಾಳ. ತಿಳವಳ್ಳಿಯ ಹೆಣ್ಮಗಳ ಕಡೆ ಬೆಣ್ಣಿ ತರಿಸಿ ಒಲಿ ಮುಂದ ಕುಂತು ಕಾಸಾಕತ್ತಾಳ. ಹಂಡೆಯ ತಳದಾಗ ಎರಡು ಬೆರಳು ತುಪ್ಪ.

“ಇದು ತುಂಬೋದು ಯಾವಾಗವ್ವ?”

“ಅಂವ ಬರೂದರಾಗ ತುಂಬಿದ್ರ ಆತು. ಹೆಸರು ಮಾತ್ರ ಹಳೇದನ್ನ ಇಡ್ರಿ ಅಂತ ಆಚಾರ್ರಿಗೆ ಹೇಳೇನಿ.”

ಹಂಡೆ ಹಿಡಕೊಂಡು ಬಗ್ಗಿ ನೋಡಿದೆ. ಅಷ್ಟು ವರ್ಷದ ಅಳು ಒಮ್ಮೆಲೆ ಬಂತು.

“ಆ ಕಡೆ ಸರಿ,” ಅಂದ್ಲು ಅವ್ವ. “ನೀರು ಬಿದ್ರ ತುಪ್ಪ ಕೆಡ್ತದ.”